ಹೆಸರು ಹೊರಬೀಳುವುದಿಲ್ಲ

ಹೋದ ಮಳೆಗಾಲದಲ್ಲಿ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆಂದು ಸಕಲೇಶಪುರಕ್ಕೆ ಹೋಗಿದ್ದೆ. ಬಸ್ಸಿನಿಂದಿಳಿದು ಛತ್ರಿ ಬಿಡಿಸುವಷ್ಟರಲ್ಲಿ, ಪಕ್ಕದ ಗೋಡೆಗೆ ಒಬ್ಬಾತ ಪೋಸ್ಟರು ಹಚ್ಚುತ್ತಿದ್ದುದು ಕಂಡಿತು. ಅವನ ಬಕೀಟಿನೊಳಗಿನ ಮೈದಾ ಅಂಟು ಹುಳಿತುಹೋಗಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ಹತ್ತಿರದ ಕಂಬ ಹಿಡಿದು ನಿಂತೆ. ಕರೆಯಲು ಬಂದಿದ್ದ ತಂಗಿ, ಬಸ್ಸಿನ ಕುಲುಕಾಟಕ್ಕೆ ಹೀಗಾಯಿತೆಂದುಕೊಂಡು ಸೋಡಾ ತರಿಸಿದಳು. ನಾನೂ ಹೌದೆಂದೆ. ನಲವತ್ತು ವರ್ಷದ ಹಿಂದೆ ಇದೇ ಊರಿನಲ್ಲಿ ಕಳೆದ ಒಂದು ಮಳೆಗಾಲದ ವಾಸನೆ ಇದು ಎಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅವಳಿಗೆ ಹೇಳುವುದು ಹೇಗೆ?

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸರ್ಕಾರದ ಇಲಾಖೆಗಳಲ್ಲಿ ನಡೆಯುವ ಅಕ್ರಮಗಳ ಮೇಲೆ ಕಣ್ಣಿಡುವುದಕ್ಕೆಂದೇ ಒಂದು ಕಚೇರಿಯ ಶಾಖೆಯನ್ನು ಇಲ್ಲಿ ತೆರೆದಿದ್ದರು. ಅದರ ಉದ್ದನೆಯ ಹೆಸರು ಈಗ ಬೇಡ. ಶಾಖೆಯೂ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ಜನ ಅದನ್ನು ಕಾವಲು ಆಫೀಸು ಎನ್ನುತ್ತಿದ್ದರು. ಪ್ರಚಾರದ ಕೆಲಸದಲ್ಲಿದ್ದ ನನ್ನನ್ನು ಅಲ್ಲಿಗೆ ನಿಯೋಜನೆಯ ಮೇಲೆ ಕಳಿಸಿದರು. ಸಿಬ್ಬಂದಿಯ ವ್ಯವಹಾರವನ್ನೂ ನೋಡಿಕೊಳ್ಳಬೇಕು, ಕಚೇರಿಯ ವಿಷಯವನ್ನು ಜನರಿಗೂ ಪತ್ರಿಕೆಗಳಿಗೂ ತಿಳಿಸಬೇಕು. ಮೂವತ್ತು ದಾಟಿದ್ದರೂ ನನಗೆ ಮದುವೆಯಾಗಿರಲಿಲ್ಲ. ಅರಸೀಕೆರೆ ಕಡೆಯ ಬಯಲಿನವಳು, ಅಂಥ ಮಳೆಯನ್ನು ಅಲ್ಲಿಯವರೆಗೆ ಕಂಡಿರಲಿಲ್ಲ. ಜೂನ್ ತಿಂಗಳಲ್ಲಿ ಹಿಡಿದದ್ದು ಬಿಡುವ ಸೂಚನೆಯೇ ಇರಲಿಲ್ಲ. ಗುಡ್ಡದ ಮೇಲಿನ ಹಳೆಯ ಬಂಗಲೆಯೊಂದರಲ್ಲಿ ನಮ್ಮ ಕಚೇರಿ. ಬೆಳಿಗ್ಗೆ ಬೀಗ ತೆಗೆದರೆ ಕುರ್ಚಿಯ ಮೇಲೂ ಫೈಲಿನ ಮೇಲೂ ಬೂಸ್ಟು. ಇದ್ದಿಲ ಒಲೆಯ ಸುತ್ತ ಕಾಗದಗಳನ್ನು ಹರವಿಟ್ಟು ಒಣಗಿಸಿಕೊಂಡು ಕೆಲಸ ಶುರುಮಾಡುತ್ತಿದ್ದೆವು.

ಸಿಬ್ಬಂದಿ ಒದಗಿಸುವುದೇ ಮೊದಲ ತಲೆನೋವಾಯಿತು. ನಮ್ಮಲ್ಲಿ ಸ್ವಂತದ ನೌಕರರೆಂದು ಯಾರೂ ಇರಲಿಲ್ಲ. ಬೇರೆ ಬೇರೆ ಇಲಾಖೆಗಳಿಂದ ಎರವಲು ಪಡೆಯಬೇಕು, ಅವಧಿ ಮುಗಿದ ಮೇಲೆ ವಾಪಸು ಕಳಿಸಬೇಕು. ಒಳ್ಳೆಯವರನ್ನು ಕಳಿಸಿ ಎಂದು ನಾನು ಬರೆದರೆ, ತಮಗೆ ಬೇಡವಾದವರನ್ನು ಕಳಿಸುತ್ತಿದ್ದರು. ಒಬ್ಬರು ಮಧ್ಯಾಹ್ನದ ಹೊತ್ತಿಗೇ ಕುಡಿದಿರುತ್ತಿದ್ದರು. ಇನ್ನೊಬ್ಬರಿಗೆ ನಿವೃತ್ತಿ ಹತ್ತಿರವಾಗಿತ್ತು, ಬಿಸಿನೀರಿನ ಫ್ಲಾಸ್ಕು ತಂದು ಕಿಟಕಿಯ ಬಳಿ ಕೂತರೆ ಸಂಜೆಗೇ ಏಳುವುದು. ಕೆಲಸ ಬಲ್ಲವರು ಯಾರೂ ಬರಲು ಒಪ್ಪುತ್ತಿರಲಿಲ್ಲ. ಇಂದು ಯಾರ ಮೇಲೆ ವರದಿ ಬರೆಯುತ್ತೇವೋ, ನಿಯೋಜನೆ ಮುಗಿದ ಮೇಲೆ ಅವರ ಕೈಕೆಳಗೇ ಹೋಗಿ ನಿಲ್ಲಬೇಕಲ್ಲ. ಅವರದ್ದೇನೂ ತಪ್ಪಿರಲಿಲ್ಲ. ಕೆಲಸ ಬಲ್ಲವನು ನನಗೆ ಸಿಕ್ಕಿದ್ದು ಒಬ್ಬನೇ, ಟೈಪಿಸ್ಟ್ ರುದ್ರೇಶ. ಆಲೂರು ಕಡೆಯ ಲಿಂಗಾಯತರ ಹುಡುಗ, ಹೊಸದಾಗಿ ಮದುವೆಯಾಗಿದ್ದ, ಕೆಲಸಕ್ಕೆ ಬಂದರೆ ತಲೆ ಎತ್ತುತ್ತಿರಲಿಲ್ಲ.

ಕಚೇರಿಯ ಮುಖ್ಯಸ್ಥರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಐವತ್ತರ ಆಸುಪಾಸು, ಇಸ್ತ್ರಿ ಮುರಿಯದ ಬಟ್ಟೆ, ಬಾಯಲ್ಲಿ ಸದಾ ಏಲಕ್ಕಿ. ಲಂಚ ಮುಟ್ಟಿದವರಲ್ಲ, ಅದನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಶನಿವಾರ ಮಾತ್ರ ತೋಟದ ಮಾಲೀಕರ ಕ್ಲಬ್ಬಿನಲ್ಲಿ ಇಸ್ಪೀಟು. ನಾನು ಬಂದ ಹೊಸತರಲ್ಲಿ ಅವರನ್ನು ಮೆಚ್ಚಿಕೊಂಡಿದ್ದೆ.

ಜನ ದೂರು ಕೊಡಲು ಮುಂದೆ ಬರುವುದಿಲ್ಲ, ಒಂದು ಪೋಸ್ಟರು ಮಾಡಿಸಿ ಎಂದು ಅವರು ಹೇಳಿದರು. ಬೆಂಗಳೂರಿನಿಂದ ಬಂದ ನಮೂನೆಯಲ್ಲಿ "ದೂರುದಾರರ ಗೋಪ್ಯತೆಯನ್ನು ಕಾಯ್ದುಕೊಳ್ಳಲಾಗುವುದು" ಎಂದಿತ್ತು. ಲೈನ್ ಮನೆಗಳಲ್ಲಿ ಇರುವ ತೋಟದಾಳುಗಳಿಗೂ, ಹಳ್ಳಿಯ ರೈತನಿಗೂ ಇದು ತಾಕುವುದಿಲ್ಲ ಅನ್ನಿಸಿತು. ಅದನ್ನು ಹೊಡೆದುಹಾಕಿ ನಾನು ಹೀಗೆ ಬರೆದೆ: "ಹೆದರಬೇಡಿ. ಬಂದು ಹೇಳಿ. ನಿಮ್ಮ ಹೆಸರು ನಮ್ಮ ಬಾಯಿಂದ ಹೊರಬೀಳುವುದಿಲ್ಲ." ಸಾಹೇಬರು ಓದಿ, ಜೀವ ಇದೆ ಕಣಮ್ಮ ಈ ಮಾತಿಗೆ, ಎಂದರು. ನನಗೂ ಹಾಗೇ ಅನ್ನಿಸಿತ್ತು. ಹಿಗ್ಗಿದ್ದೆ.

ಮಳೆಯಲ್ಲಿ ಪೋಸ್ಟರು ನಿಲ್ಲುವುದು ಸುಲಭವಲ್ಲ. ಸೂರಿನ ಕೆಳಗೆ, ಹೋಟೆಲಿನ ಒಳಗೋಡೆಗೆ, ನ್ಯಾಯಬೆಲೆ ಅಂಗಡಿಯ ಬಾಗಿಲಿಗೆ ಹಚ್ಚಿಸಬೇಕು. ಜವಾನರ ಮೇಲೆ ಬಿಡದೆ ನಾನೇ ಜೊತೆಗೆ ಹೋದೆ. ಮಾರನಹಳ್ಳಿಯಿಂದ ಬಿಸಿಲೆಯವರೆಗೆ, ಆಲೂರಿನ ಹಳ್ಳಿಗಳಿಗೆ, ವನಗೂರಿನ ಕಡಿದಾದ ದಾರಿಯಲ್ಲಿ ಬಾಡಿಗೆ ಜೀಪಿನಲ್ಲಿ. ಅಂಟಿನ ಬಕೀಟು ನನ್ನ ಕಾಲ ಬಳಿಯೇ ಇರುತ್ತಿತ್ತು. ಎರಡನೇ ದಿನಕ್ಕೆ ಅದು ಹುಳಿಯುತ್ತಿತ್ತು. ಸೀರೆಯ ಅಂಚಿಗೆ ಅಂಟು, ಹಿಮ್ಮಡಿಗೆ ರಕ್ತ ಹೀರುವ ಇಂಬಳ. ಯಾವುದೂ ಬೇಸರ ತರಿಸಲಿಲ್ಲ.

ಮೊದಲು ಬಂದವರು ಸೆವ್ರಿನ್ ಬಾಯಿ. ವನಗೂರಿನಿಂದ ಇನ್ನೂ ಮೇಲಿನ ಒಂದು ಹಳ್ಳಿಯಲ್ಲಿ ಸರ್ಕಾರಿ ದಾದಿ. ಮಂಗಳೂರು ಕಡೆಯಿಂದ ಬಂದು ನೆಲೆಸಿದ ಕ್ರೈಸ್ತರು, ನಲವತ್ತು ದಾಟಿದವರು, ಒಂಟಿ. ಆ ಗುಡ್ಡಗಳ ಲೈನ್ ಮನೆಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಅವರ ಕೈಗೇ ಹುಟ್ಟಿದ್ದವು. ದೂರನ್ನು ಅಂಚೆಗೆ ಹಾಕಬಹುದಿತ್ತು, ಹಾಕದೆ ತಾವೇ ಬಂದು, ಗೋಡೆಯಲ್ಲಿರುವುದನ್ನು ಬರೆದವರು ಯಾರೆಂದು ವಿಚಾರಿಸಿದರು. ನಾನೆಂದೆ. ನನ್ನನ್ನು ಒಂದು ಗಳಿಗೆ ನೋಡಿ, ನನ್ನ ಎದುರಿನ ಕುರ್ಚಿಯಲ್ಲಿ ಕೂತರು.

ಅವರ ಮೇಲಿನ ಡಾಕ್ಟರು, ಬಡವರಿಗೆಂದು ಬಂದ ಔಷಧಿಯನ್ನು ಮೂಟೆಯಲ್ಲಿ ಕಟ್ಟಿ ಖಾಸಗಿ ಎಸ್ಟೇಟುಗಳಿಗೆ ಮಾರುತ್ತಿದ್ದರು. ಆ ಮಳೆಗಾಲದಲ್ಲಿ ವಾಂತಿಭೇದಿ ಎದ್ದಿತ್ತು. ಲೈನಿನಲ್ಲಿ ಒಂದು ಹೆಣ್ಣುಮಗು ಇವರ ತೊಡೆಯ ಮೇಲೆಯೇ ತೀರಿಕೊಂಡಿತ್ತು. ಅದಕ್ಕೆ ಹಾಕಬೇಕಾಗಿದ್ದ ಸಲೈನ್ ಬಾಟಲಿ ಬೇರೆ ಎಸ್ಟೇಟಿಗೆ ಹೋಗಿತ್ತು. ಅಳದೆ, ದನಿ ಏರಿಸದೆ ಹೇಳಿದರು. ರುದ್ರೇಶ ಟೈಪು ಮಾಡಿದ, ನಾನು ಲಕೋಟೆಗೆ ಅರಗು ಹಾಕಿ ಸಾಹೇಬರ ಕೈಗೇ ಕೊಟ್ಟೆ. ಆ ಹೆಸರು ಗೊತ್ತಿದ್ದವರು ನಾವು ಮೂವರೇ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಕಚೇರಿಯ ಜಗುಲಿಯಲ್ಲಿ ಸೆವ್ರಿನ್ ಬಾಯಿ ಮತ್ತೆ ಕೂತಿದ್ದರು. ಸೀರೆ ಮೊಣಕಾಲಿನವರೆಗೆ ಒದ್ದೆ. ಒಳಗೆ ಕರೆದೆ, ಬರಲಿಲ್ಲ.

"ನನ್ನ ಹೆಸರು ಹೊರಗೆ ಬಿದ್ದದ್ದು ಹೇಗೆ ಅಂತ ಕೇಳ್ಲಿಕ್ಕೆ ಬಂದದ್ದಲ್ಲ ಮೇಡಂ," ಎಂದರು. "ಅದು ನನಗೆ ಗೊತ್ತುಂಟು. ನಿಮಗೆ ಗೊತ್ತುಂಟಾ ಅಂತ ನೋಡ್ಲಿಕ್ಕೆ ಬಂದೆ."

ನನಗೆ ಏನೂ ಗೊತ್ತಿರಲಿಲ್ಲ. ಅದು ನನ್ನ ಮುಖದಲ್ಲಿ ಕಂಡಿರಬೇಕು. ಪಕ್ಕಕ್ಕೆ ಸರಿದು ಕೂರಲು ಜಾಗ ಕೊಟ್ಟು, ನಡೆದದ್ದನ್ನು ಹೇಳಿದರು. ಡಾಕ್ಟರು ಅವರನ್ನು ಕರೆಸಿ, ಎಲ್ಲರ ಎದುರು, ನಕ್ಕುಕೊಂಡೇ ಕೇಳಿದ್ದರಂತೆ, ಏನಮ್ಮಾ, ಕಾವಲು ಆಫೀಸಿಗೆ ಹೋಗಿದ್ದೆಯಂತೆ ಎಂದು. ಕ್ಲಬ್ಬಿನಲ್ಲಿ ಇಸ್ಪೀಟಾಡುವಾಗ ಅಲ್ಲಿನ ಸಾಹೇಬರೇ ಹೇಳಿದರು ಎಂದು ಅದನ್ನೂ ಮುಚ್ಚಿಡದೆ ಹೇಳಿದ್ದರು. ಮುಚ್ಚಿಡುವ ಅಗತ್ಯ ಅವರಿಗೆ ಕಂಡಿರಲಿಲ್ಲ. ಮಾರನೆಯ ವಾರ ಸೆವ್ರಿನ್ ಬಾಯಿಗೆ ಅಮಾನತಿನ ಆದೇಶ ಬಂತು. ಔಷಧಿ ಕದ್ದು ಮಾರುತ್ತಿದ್ದವರು ಅವರೇ ಎಂದು ಅದರಲ್ಲಿ ಬರೆದಿತ್ತು.

ನಾನು ನೇರ ಸಾಹೇಬರ ಕೋಣೆಗೆ ಹೋದೆ. ಇಲ್ಲ ಎನ್ನುತ್ತಾರೆಂದು ಎಣಿಸಿದ್ದೆ. ಸುಳ್ಳನ್ನಾದರೂ ಹೇಳಿದ್ದರೆ, ತಪ್ಪು ಮಾಡಿದೆನೆಂಬ ಅಳುಕು ಅವರಿಗಿದೆ ಎಂದುಕೊಳ್ಳುತ್ತಿದ್ದೆ. ಅವರು ಏಲಕ್ಕಿಯ ಸಿಪ್ಪೆಯನ್ನು ನಾಲಗೆಯ ತುದಿಗೆ ತಂದು, ಬೆರಳಿನಿಂದ ತೆಗೆದು, ಮೇಜಿನಂಚಿಗೆ ಒರೆಸಿದರು.

"ಸ್ನೇಹದಲ್ಲಿ ಒಂದು ಮಾತು ಬಂತಮ್ಮ. ಆತ ಒಳ್ಳೆ ಮನುಷ್ಯ, ಏನೋ ಕೈ ಜಾರಿದೆ. ಎಚ್ಚರಿಕೆಯಿಂದ ಇರ್ರೀ ಅಂದೆ. ಶಿಕ್ಷೆ ಕೊಡೋದಕ್ಕಿಂತ ತಿದ್ದೋದು ಮುಖ್ಯ ಅಲ್ವೇ?"

ಅವರು ನನ್ನನ್ನು ಒಪ್ಪಿಸಲು ನೋಡುತ್ತಿರಲಿಲ್ಲ. ನಿಜವಾಗಿ ಹಾಗೆ ನಂಬಿದ್ದರು. ಒಂದು ಪೈಸೆ ಮುಟ್ಟದೆ, ಯಾರ ಒತ್ತಾಯವೂ ಇಲ್ಲದೆ, ಕೈಯಲ್ಲಿ ಇಸ್ಪೀಟಿನ ಎಲೆ ಹಿಡಿದುಕೊಂಡು ಹರಟೆಯ ನಡುವೆ ಒಬ್ಬಳ ಬದುಕನ್ನು ಎತ್ತಿ ಕೊಟ್ಟಿದ್ದರು. ಆ ಸಿಪ್ಪೆಯನ್ನು ನೋಡುತ್ತ ನಿಂತಿದ್ದ ನನಗೆ ಸಿಟ್ಟು ಬರಲಿಲ್ಲ. ಅನ್ನದಲ್ಲಿ ಹುಳ ಕಂಡಂತೆ ಮೈ ಜುಂ ಎಂದು, ಹಿಂದೆ ಸರಿಯಬೇಕೆನ್ನಿಸಿತು, ಅಷ್ಟೇ.

ಮಾತು ಊರಲ್ಲಿ ಹರಡಿತು. ಹಾಸನದ ವಾರಪತ್ರಿಕೆಯೊಂದರಲ್ಲಿ, ಕಾವಲು ಆಫೀಸಿನಲ್ಲಿ ದೂರು ಕೊಟ್ಟವರ ಗತಿ ನೋಡಿ ಎಂದು ಯಾರೋ ಬರೆದರು. ಆಗ ಸಾಹೇಬರಿಗೆ ಗಾಬರಿಯಾಯಿತು. ನನ್ನನ್ನು ಕರೆಸಿ ಎರಡು ಕೆಲಸ ಹೇಳಿದರು. ರುದ್ರೇಶನನ್ನು, ಗುಟ್ಟು ಬಿಟ್ಟುಕೊಟ್ಟವನೆಂದು ಬರೆದು, ಅವನ ಇಲಾಖೆಗೆ ವಾಪಸು ಕಳಿಸುವುದು. ತಪ್ಪಿತಸ್ಥ ನೌಕರನ ಮೇಲೆ ಕಠಿಣ ಕ್ರಮ ತೆಗೆದುಕೊಳ್ಳಲಾಗಿದೆ ಎಂದು ಪತ್ರಿಕೆಗೆ ಹೇಳಿಕೆ ಕೊಡುವುದು. ಸಿಬ್ಬಂದಿಯೂ ಪ್ರಚಾರವೂ ಒಬ್ಬರ ಕೈಯಲ್ಲೇ ಇರುವುದು ಎಷ್ಟು ಅನುಕೂಲ ನೋಡಿ ಎಂದೂ ಅಂದರು.

ರುದ್ರೇಶ ಅಷ್ಟರಲ್ಲೇ ವಿಷಯ ಹಿಡಿದಿದ್ದ. ನನ್ನ ಮೇಜಿನ ಬಳಿ ಬಂದು ನಿಂತ.

"ವಾಪಸ್ ಕಳ್ಸಿ ಮೇಡಂ, ಅದ್ಕೆ ನಂಗೇನೂ ಬೇಜಾರಿಲ್ಲ. ಬಾಯಿ ಬಿಟ್ಟೋನು ಅಂತ ಮಾತ್ರ ಬರೀಬ್ಯಾಡಿ. ನಮ್ಮೂರಲ್ಲಿ ತಲೆ ಎತ್ಕಂಡು ತಿರ್ಗಂಗಿಲ್ಲ ಆಮ್ಯಾಕೆ."

ಬರೆಯುವುದಿಲ್ಲ ಎಂದು ಅವನಿಗೆ ಹೇಳಿದೆ. ಸಾಹೇಬರಿಗೂ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಹುಷಾರಿಲ್ಲವೇ ಎಂದು ವಿಚಾರಿಸಿ, ನಾಲ್ಕು ದಿನ ರಜೆ ಹಾಕುವಂತೆ ಸಲಹೆ ಕೊಟ್ಟರು.

ರಜೆ ಹಾಕಿದೆ. ಮೊದಲು ಹೋದದ್ದು ಸೆವ್ರಿನ್ ಬಾಯಿಯ ಊರಿಗೆ. ವನಗೂರಿನವರೆಗೆ ಜೀಪು, ಮುಂದೆ ಕಾಲ್ನಡಿಗೆ. ಕಾಫಿ ಗಿಡಗಳ ನಡುವೆ ಮಂಜು ತುಂಬಿ ಎದುರಿನ ದಾರಿಯೂ ಕಾಣುತ್ತಿರಲಿಲ್ಲ. ಅವರು ಇದ್ದದ್ದು ಎಸ್ಟೇಟಿನವರು ಬಿಟ್ಟುಕೊಟ್ಟಿದ್ದ ಒಂದು ಕೋಣೆಯಲ್ಲಿ. ನಾನು ಹೋದಾಗ ಅವರ ಟ್ರಂಕು, ಹಾಸಿಗೆ ಸುರುಳಿ, ಪಾತ್ರೆಗಳು ಸೂರಿನ ಕೆಳಗೆ ಇದ್ದವು. ಕೋಣೆ ಖಾಲಿ ಮಾಡಿಸಲು ಬಂದಿದ್ದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಾಗಿಲಿಗೆ ಬೀಗ ಹಾಕುತ್ತಿದ್ದ. ನನ್ನನ್ನು ನೋಡಿ, ನಮ್ದೇನೈತೆ ಅಮ್ಮಾವ್ರೇ, ದೊರೆಗಳು ಹೇಳವ್ರೆ, ಮಾಡ್ತೀವಿ, ಎಂದ. ಲೈನಿನ ಹೆಂಗಸರು ಕಂಬಳಿ ಹೊದ್ದು ದೂರದಲ್ಲಿ ನಿಂತು ನೋಡುತ್ತಿದ್ದರು. ಅವರಲ್ಲೊಬ್ಬಳ ಸೊಂಟದ ಮೇಲಿದ್ದ ಮಗು ಸೆವ್ರಿನ್ ಬಾಯಿಯನ್ನು ಗುರುತಿಸಿ ಕೈ ಚಾಚಿತು. ತಾಯಿ ಅದರ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡಳು.

"ಅವರನ್ನು ಬಯ್ಯಬೇಡಿ," ಎಂದರು ಸೆವ್ರಿನ್ ಬಾಯಿ. "ಅವರಿಗೂ ಇಲ್ಲಿಯೇ ಇರಬೇಕಲ್ಲ."

ಡಾಕ್ಟರು ಆಡಿದ ಮಾತನ್ನು ಅವರ ಹೇಳಿಕೆಯಾಗಿ ಬರೆದುಕೊಂಡೆ. ಅವರು ಓದಿ ಸಹಿ ಹಾಕಿದರು. ಅದರ ಮೇಲೆ ನಾನು ನನ್ನ ಟಿಪ್ಪಣಿ ಬರೆದು, ಹೆಸರು ಹೊರಬಿದ್ದದ್ದು ಸಾಹೇಬರ ಬಾಯಿಂದಲೇ, ನನ್ನೆದುರು ಅವರೇ ಒಪ್ಪಿಕೊಂಡಿದ್ದಾರೆ ಎಂದು ಸ್ಪಷ್ಟವಾಗಿ ಹೇಳಿ, ಬೆಂಗಳೂರಿನ ಮುಖ್ಯ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ.

ರಜೆಯ ಉಳಿದ ದಿನಗಳಲ್ಲಿ ಪೋಸ್ಟರುಗಳನ್ನು ಕಿತ್ತೆ. ಇಷ್ಟಾದ ಮೇಲೂ ಆ ಮಾತು ಗೋಡೆಯ ಮೇಲೆ ಇರಬಾರದೆನ್ನಿಸಿತು. ನಾನಿದ್ದ ಮನೆಯ ಹಿಂದಿನ ಮನೆಯವರಿಂದ ತೆಂಗಿನಕಾಯಿ ಸುಲಿಯುವ ಹಳೆಯ ಕತ್ತಿಯೊಂದನ್ನು ಕೇಳಿ ತಂದಿದ್ದೆ. ಕೆಲವು ಅಷ್ಟು ಗಟ್ಟಿಯಾಗಿ ಅಂಟಿದ್ದವು, ಸುಣ್ಣದ ಸಮೇತ ಕೆರೆಯಬೇಕಾಯಿತು. ಕೊಳೆತ ಅಂಟು ಉಗುರಿನ ಸಂದಿಗೆ ಹೋಗಿ, ಸೋಪು ಹಾಕಿ ತಿಕ್ಕಿದರೂ ಬಿಡದು. ಊಟಕ್ಕೆ ಕೂತರೆ ಅನ್ನದಲ್ಲೂ ಅದೇ ವಾಸನೆ. ಆ ದಿನಗಳಲ್ಲಿ ಚಮಚದಲ್ಲಿ ತಿಂದೆ.

ಆಲೂರಿನಲ್ಲಿ ಒಂದು ಅಂಗಡಿಯ ಗೋಡೆಯಿಂದ ಕೀಳುತ್ತಿದ್ದಾಗ ಹಣೆಗೆ ವಿಭೂತಿ ಹಚ್ಚಿದ್ದ ವಯಸ್ಸಾದ ರೈತರೊಬ್ಬರು ಬಂದು ಹಿಂದೆ ನಿಂತರು. ತಮ್ಮೂರಿನ ಕೆರೆ ಏರಿಯ ಕೆಲಸವನ್ನು ಮಾಡದೆಯೇ ಮಾಡಿದ್ದೇವೆಂದು ಬಿಲ್ಲು ಬರೆಸಿಕೊಂಡವರ ಮೇಲೆ ದೂರು ಹೇಳಬೇಕಾಗಿತ್ತಂತೆ. ಈ ಪೋಸ್ಟರನ್ನು ಯಾರಿಂದಲೋ ಓದಿಸಿಕೊಂಡು, ಸಕಲೇಶಪುರದ ಬಸ್ಸು ಹಿಡಿಯಲು ಹೊರಟಿದ್ದರು. ನಾನು ಯಾವ ಕಚೇರಿಯವಳೆಂದು ಹೇಳಿ, ಅಲ್ಲಿಗೆ ಹೋಗಬೇಡಿ ಯಜಮಾನರೇ, ನಿಮ್ಮ ಹೆಸರು ಅಲ್ಲಿ ಗುಟ್ಟಾಗಿ ಉಳಿಯುವುದಿಲ್ಲ ಎಂದೆ.

ಅವರು ನನ್ನ ಕೈಯಲ್ಲಿದ್ದ ಕತ್ತಿಯನ್ನೂ ಗೋಡೆಯನ್ನೂ ನೋಡಿದರು.

"ಸರ್ಕಾರ್‌ದೋರಾದ ನೀವೇ ಹಿಂಗಂದ್‌ಬುಟ್ರೆ, ನಾವು ಯಾರ್ ತಾವ ಹೋಗಾನ ಕಣಮ್ಮ?"

ಹಾಗೆಂದವರೇ ಪಕ್ಕದ ಚರಂಡಿಗೆ ಕ್ಯಾಕರಿಸಿ ಉಗಿದು, ಬಂದ ದಾರಿಯಲ್ಲೇ ಊರಿನ ಕಡೆಗೆ ನಡೆದರು.

ಸೆಪ್ಟೆಂಬರಿನಲ್ಲಿ ಮುಖ್ಯ ಕಚೇರಿಯಿಂದ ವಿಚಾರಣೆಗೆ ಒಬ್ಬ ಹಿರಿಯ ಅಧಿಕಾರಿ ಬಂದರು. ಸಾಹೇಬರು ಅವರನ್ನು ಒಂದು ತೋಟದ ಬಂಗಲೆಯಲ್ಲಿ ಇಳಿಸಿದರು. ಮಧ್ಯಾಹ್ನ ನಮ್ಮ ಕಚೇರಿಯಲ್ಲೇ ಊಟ; ಕಡುಬು, ನಾಟಿಕೋಳಿ ಸಾರು. ಇಬ್ಬರೂ ಓದುವಾಗ ಒಂದೇ ಹಾಸ್ಟೆಲಿನಲ್ಲಿದ್ದವರೆಂದು ನಗುವಿನ ನಡುವೆ ಕೇಳಿಸಿತು. ಕೈ ತೊಳೆದ ಮೇಲೆ ನನ್ನನ್ನು ಕರೆದರು. ಅಧಿಕಾರಿ ಹಲ್ಲಿಗೆ ಕಡ್ಡಿ ಹಾಕಿಕೊಂಡೇ ಪ್ರಶ್ನೆ ಕೇಳಿದರು. ಪ್ರವಾಸದ ಅನುಮತಿಯಿಲ್ಲದೆ ವನಗೂರಿಗೆ ಹೋದದ್ದೇಕೆ? ಸರ್ಕಾರದ ಖರ್ಚಿನಲ್ಲಿ ಅಚ್ಚಾದ ಪೋಸ್ಟರುಗಳನ್ನು ಯಾರ ಅಪ್ಪಣೆಯ ಮೇಲೆ ಕಿತ್ತಿರಿ? ಆ ದಾದಿಗೂ ನಿಮಗೂ ಮೊದಲಿನಿಂದ ಪರಿಚಯವೇ? ಒಂಟಿ ಹೆಂಗಸು, ಇನ್ನೊಬ್ಬ ಒಂಟಿ ಹೆಂಗಸಿನ ಮೇಲೆ ಕನಿಕರ ಬರುವುದು ಸಹಜ, ಆದರೆ ಕಚೇರಿಯ ಶಿಸ್ತು ಎಂಬುದಿದೆ. ಹೆಸರು ಹೊರಬಿದ್ದ ವಿಷಯವಾಗಿ ಅವರು ಕೇಳಿದ ಪ್ರಶ್ನೆ ಒಂದೇ. ಅದನ್ನು ಪತ್ರಿಕೆಗೆ ಬರೆದದ್ದು ನೀವೇ ಏನು?

ಬರೆದದ್ದು ನಾನಲ್ಲ, ಬರೆದಿದ್ದರೆ ನನ್ನ ಹೆಸರು ಹಾಕಿಯೇ ಬರೆಯುತ್ತಿದ್ದೆ ಎಂದೆ. ಅವರು ಅದನ್ನು ಬರೆದುಕೊಳ್ಳಲಿಲ್ಲ.

ಫಲಿತಾಂಶ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಸಾಹೇಬರಿಗೆ ಬೆಂಗಳೂರಿಗೆ ಬಡ್ತಿ. ಅವರ ಬೀಳ್ಕೊಡುಗೆಯ ಸುದ್ದಿಯನ್ನು ಬರೆಯುವುದಿಲ್ಲವೆಂದು ಹೇಳಿದೆ, ಬೇರೆ ಯಾರೋ ಬರೆದರು. ಹೆಸರು ಹೊರಬೀಳದಂತೆ ದೂರು ಸ್ವೀಕರಿಸುವ ವ್ಯವಸ್ಥೆಯನ್ನು ಮಲೆನಾಡಿಗೆ ತಂದವರೆಂದು ಅದರಲ್ಲಿ ಅವರನ್ನು ಹೊಗಳಿತ್ತು. ಡಾಕ್ಟರು ಇದ್ದಲ್ಲಿಯೇ ಇದ್ದರು. ರುದ್ರೇಶ ವಾಪಸು ಹೋದ. ನಾನು ಹಟ ಹಿಡಿದದ್ದಕ್ಕೆ ಅವನ ಆದೇಶದಲ್ಲಿ ಕೆಟ್ಟ ಮಾತೊಂದೂ ಬರಲಿಲ್ಲ, ಅವಧಿ ಮುಗಿದಿದೆ ಎಂದಷ್ಟೇ ಇತ್ತು. ಆ ಇಡೀ ಮಳೆಗಾಲದಲ್ಲಿ ನನ್ನಿಂದ ಆದದ್ದು ಅಷ್ಟು. ಹೋಗುವಾಗ ಅವನು ಹೆಂಡತಿಯನ್ನು ಕರೆತಂದು ನನಗೆ ಕೈಮುಗಿಸಿದ. ಬೇಡವೆಂದರೂ ಕೇಳಲಿಲ್ಲ. ಸೆವ್ರಿನ್ ಬಾಯಿಯ ಅಮಾನತನ್ನು ರದ್ದು ಮಾಡಿ, ಬೀದರ್ ಜಿಲ್ಲೆಗೆ ವರ್ಗ ಮಾಡಿದರು. ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟು ಮಂಗಳೂರಿನ ಹತ್ತಿರ ತಮ್ಮನ ಮನೆಗೆ ಹೊರಟರು. ನನ್ನನ್ನು ಮೂಲ ಇಲಾಖೆಗೆ ಮರಳಿಸಿದರು, ಮಂಗಳೂರಿನ ಕಚೇರಿಗೆ. ಹೀಗಾಗಿ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೋಗೋಣವೆಂದು ಮಾತಾಡಿಕೊಂಡೆವು.

ಮಾರನಹಳ್ಳಿ ತಲುಪುವಷ್ಟರಲ್ಲಿ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಕಟ್ಟಿತ್ತು. ಬಸ್ಸು ನಿಂತಿತು. ಇಳಿದವರೆಲ್ಲ ರಸ್ತೆಬದಿಯ ಹೋಟೆಲಿನಲ್ಲಿ ಒತ್ತೊತ್ತಾಗಿ ಕೂತರು. ನಾವೂ ಒಂದು ಬೆಂಚಿನ ತುದಿಯಲ್ಲಿ ಕೂತು ಕಾಫಿ ತರಿಸಿದೆವು. ಅಷ್ಟು ದಿನ ಹೇಳಲಾಗದೆ ಉಳಿದಿದ್ದ ಮಾತನ್ನು ಅಲ್ಲಿ ಹೇಳಿದೆ. ಅವರ ಬದುಕು ಹೀಗಾಗಿದ್ದಕ್ಕೆ ನನಗೆ ಆಗುತ್ತಿರುವ ಸಂಕಟವನ್ನು, ನಮ್ಮ ಕಚೇರಿಯ ಮೇಲೆ ಹುಟ್ಟಿದ ಹೇಸಿಗೆಯನ್ನು. ಬಹಳ ಮಾತಾಡಿಬಿಟ್ಟೆ ಅಂತ ಕಾಣುತ್ತದೆ. ಅವರು ಕಾಫಿ ಕುಡಿದು ಮುಗಿಸಿದರು.

"ನಿಮ್ಮ ಮೇಲೆ ನನಗೆ ಎಂತ ಸಿಟ್ಟೂ ಇಲ್ಲ ಮಾರಾಯ್ರೆ," ಎಂದರು. "ನನಗೆ ಗೊತ್ತಿತ್ತು, ಸರ್ಕಾರದವರು ಹಾಗೆಯೇ ಅಂತ. ಇಪ್ಪತ್ತು ವರ್ಷ ಅದರೊಳಗೇ ಇದ್ದವಳು ನಾನು. ಬೇರೆ ಪೋಸ್ಟರು ಎಷ್ಟು ನೋಡಿಲ್ಲ? ಒಂದನ್ನೂ ನಂಬಿದವಳಲ್ಲ."

ಲೋಟವನ್ನು ಬೆಂಚಿನ ಮೇಲೆ ಇಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡರು. ಹೊರಗೆ ಕಂಡಕ್ಟರು ದಾರಿ ತೆರೆಯಿತೆಂದು ಎಲ್ಲರನ್ನೂ ಕರೆಯುತ್ತಿದ್ದ.

"ಇನ್ನು ಮುಂದೆ ಬರೆಯುದಾದ್ರೆ," ಎಂದರು ಏಳುತ್ತ, "ಅಷ್ಟು ಚೆಂದ ಬರೀಬೇಡಿ ಮೇಡಂ."